ಒಂದು ತುಂಡು ರಬ್ಬರಿನ ಇತಿಹಾಸ: ಕ್ಲಚ್ಚು, ಮೌಂಟಿಂಗು ಮತ್ತು ಕಲ್ಯಾಣ್-ಶಿಳ್ ರಸ್ತೆ

ಈ ವಾರ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದು ಕೊಡ್ತಾ ಇದ್ದೇನೆ. ಮಾತಾಡುವಾಗ ಎರಡು ಲೆಕ್ಕಗಳನ್ನು ಗಡಿಬಿಡಿಯಲ್ಲಿ ದಾಟಿಸಿಬಿಟ್ಟಿದ್ದೆ, ಅವನ್ನು ನಿಧಾನವಾಗಿ ಬಿಡಿಸಿದ್ದೇನೆ. ಗಣಿತ ಬೇಡ ಅನ್ನೋರು ಆ ಎರಡು ಪ್ಯಾರಾ ಹಾರಿಸಿ ಓದಿ, ಕಥೆ ತಪ್ಪಿಹೋಗೋದಿಲ್ಲ.

ಮೊದಲು ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಅವ್ವನನ್ನು ಡೊಂಬಿವಲಿಯಿಂದ ಧಾರವಾಡಕ್ಕೆ ಕಾರಿನಲ್ಲಿ ಕರೆದುಕೊಂಡು ಹೊರಟಿದ್ದೆ. ಐನೂರು ಕಿಲೋಮೀಟರಿಗೂ ಮೀರಿದ ದಾರಿ. ಅವ್ವನಿಗೆ ಬೆನ್ನಿನ ನೋವು ಹಳೆಯದು. ಖಂಡಾಲಾ ಘಾಟಿ ಹತ್ತುವಾಗ ಸುಮ್ಮನಿದ್ದಳು. ಸಾತಾರಾ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಇಳಿದವಳು ಬಾನೆಟ್ ಮೇಲೆ ಕೈ ಊರಿ ಒಂದು ನಿಮಿಷ ನಿಂತಳು. ಕೊಲ್ಹಾಪುರ ಬಂತು. ಬಸ್‌ ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸು ಅಂದಳು. "ನಾ ಬಸ್ಸಿನ್ಯಾಗ ಬರ್ತೀನಪಾ, ನೀ ಹಿಂದಿನಿಂದ ಬಾ" ಅಂತ ಹೇಳಿ ಚೀಲ ತಗೊಂಡು ಇಳಿದೇಬಿಟ್ಟಳು. ಸಿಟ್ಟಿನ ಮಾತಲ್ಲ ಅದು, ಅದಕ್ಕೇ ನನಗೆ ಹೆಚ್ಚು ತಾಗಿತು. ನಾನು ಲಕ್ಷಕ್ಕೂ ಮೀರಿ ಖರ್ಚು ಮಾಡಿ 'ಅಪ್‌ಗ್ರೇಡ್' ಮಾಡಿಸಿದ ಕಾರನ್ನು ಖಾಲಿ ಓಡಿಸಿಕೊಂಡು, ಅವಳು ಕೂತಿದ್ದ ಕೆಂಪು ಬಸ್ಸಿನ ಹಿಂದೆ ಬೆಳಗಾವಿವರೆಗೆ ಹೋದೆ.

ಆ ದಾರಿಯಲ್ಲಿ ತಲೆಯಲ್ಲಿ ಕೊರೀತಿದ್ದ ಪ್ರಶ್ನೆ ಒಂದೇ. ನಾನು ಕಾರಿನಿಂದ ತೆಗೆದು ಹಾಕಿದ್ದಾದರೂ ಏನು? ಕೆಲವು ರಬ್ಬರ್ ತುಂಡು, ಒಂದು ಕ್ಲಚ್ ಪ್ಲೇಟು, ಒಂದು ಫ್ಲೈವೀಲು. ಆ ರಬ್ಬರ್ ಅಲ್ಲಿಗೆ ಯಾಕೆ ಬಂದಿತ್ತು, ಯಾರು ತಂದಿಟ್ಟರು ಅಂತ ಹುಡುಕುತ್ತಾ ಹೋದೆ. ಹುಡುಕಾಟ ಅಮೆರಿಕಾಕ್ಕೆ ಹೋಗಿ, ನಮ್ಮ ವಿಶ್ವೇಶ್ವರಯ್ಯನವರನ್ನು ಮುಟ್ಟಿ, ಕುರ್ಲಾ ಸುತ್ತಿ, ಕೊನೆಗೆ ನಮ್ಮ ಡೊಂಬಿವಲಿಗೇ ಬಂದು ನಿಂತಿತು. ಇವತ್ತಿನ ಮಾತು ಅದೇ.

ನಾನು ಮಾಡಿಸಿದ್ದು ಏನು

ನನ್ನದು ಸೆಕೆಂಡ್‌ಹ್ಯಾಂಡ್ ಟರ್ಬೊ ಪೆಟ್ರೋಲ್ ಸೆಡಾನ್, ಆರು ಗೇರಿನ ಮ್ಯಾನುಯಲ್. ಫ್ಯಾಕ್ಟರಿಯಿಂದ ಬಂದಾಗ ಎಂಜಿನ್ನಿನ ಟಾರ್ಕ್ 250 ನ್ಯೂಟನ್ ಮೀಟರ್. ನಾನು ಸಾಫ್ಟ್‌ವೇರ್ ಮನುಷ್ಯ, ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಮ್ಯಾಪ್ ಹಾಕಿಸಿದೆ. ಟಾರ್ಕ್ ಸುಮಾರು 330ಕ್ಕೆ ಏರಿತು. ಒಂದು ತಿಂಗಳು ಖುಷಿ. ಆಮೇಲೆ ಥಾಣೆ-ಬೇಲಾಪುರ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಜೋರಾಗಿ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೆ ಹಾರುತ್ತಿತ್ತು, ಗಾಡಿ ಮಾತ್ರ ಅಲ್ಲೇ. ಕ್ಲಚ್ ಜಾರ್ತಾ ಇದೆ ಅಂತ ಅರ್ಥ.

ತುರ್ಭೆಯ ಗ್ಯಾರೇಜಿನ ಉಸ್ತಾದ್ ಹೇಳಿದ್ದು, "ಸಾಬ್, ದಿನಾ ಓಡಿಸೋ ಗಾಡಿ, ಸ್ವಲ್ಪ ಗಟ್ಟಿ ಕ್ಲಚ್ ಸಾಕು." ನಾನು ಕೇಳಲಿಲ್ಲ. ಇಂಟರ್‌ನೆಟ್ಟಿನಲ್ಲಿ ಓದಿದ್ದು ತಲೆಗೆ ಏರಿತ್ತು. ಆರು ತುಂಡಿನ ಸೆರಾಮಿಕ್ ಕ್ಲಚ್ ಪ್ಲೇಟ್, ಡ್ಯುಯಲ್ ಮಾಸ್ ಫ್ಲೈವೀಲ್ ತೆಗೆದು ಹಗುರವಾದ ಒಂಟಿ ಫ್ಲೈವೀಲ್, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಎಲ್ಲಾ ಕಡೆ ಗಟ್ಟಿ ಪಾಲಿಯುರೆಥೇನ್ ಮೌಂಟಿಂಗ್. ಗ್ಯಾರೇಜಿನವರ ಕೆಲಸದಲ್ಲಿ ಒಂದು ಬೋಲ್ಟಿನ ತಪ್ಪೂ ಇರಲಿಲ್ಲ. ತಪ್ಪೆಲ್ಲ ಆರ್ಡರ್ ಕೊಟ್ಟವನದ್ದು.

ಮರುದಿನ ಆಫೀಸಿಗೆ ಹೊರಟೆ. ಡೊಂಬಿವಲಿಯಿಂದ ಕಾಟಯಿ ನಾಕಾ, ಶಿಳ್‌ಫಾಟಾ, ಮಹಾಪೆ, ಐರೋಲಿ. ಈ ದಾರಿ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಟ್ರೇಲರ್‌ಗಳ ನಡುವೆ ಹತ್ತಡಿ ಮುಂದೆ, ನಿಲ್ಲು, ಮತ್ತೆ ಹತ್ತಡಿ. ಇಲ್ಲಿ ಬದುಕು ನಡೆಯೋದೇ ಹಾಫ್ ಕ್ಲಚ್ಚಿನ ಮೇಲೆ. ಸೆರಾಮಿಕ್ ಪ್ಲೇಟಿಗೆ ಹಾಫ್ ಅನ್ನೋದೇ ಗೊತ್ತಿಲ್ಲ. ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಗಾಡಿ ಮೊಲದ ಹಾಗೆ ಜಿಗಿಯುತ್ತಿತ್ತು. ಶಿಳ್‌ಫಾಟಾ ಸಿಗ್ನಲ್ಲಿನಲ್ಲಿ ಎಸಿ ಹಾಕಿ ನಿಂತರೆ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತಿತ್ತು. ಎಡ ಮೊಣಕಾಲು ಸಂಜೆಗೆ ಊದಿಕೊಂಡಿತ್ತು. ಆದರೂ ಸೋಲೊಪ್ಪಿಕೊಳ್ಳೋಕೆ ಮನಸ್ಸಿಲ್ಲ, 'ರೇಸ್ ಫೀಲ್' ಅಂತ ಗೆಳೆಯರಿಗೆ ಹೇಳಿಕೊಂಡು ತಿರುಗಾಡಿದೆ. ಅವ್ವ ಕೊಲ್ಹಾಪುರದಲ್ಲಿ ಇಳಿಯೋವರೆಗೆ.

ತೊಗಲಿನ ಕ್ಲಚ್ಚು, ಗಾಡಿಯವನ ಬೂಟು

ಈಗ ಇತಿಹಾಸಕ್ಕೆ ಬರೋಣ. ಎಂಜಿನ್ ತಿರುಗ್ತಾ ಇರುತ್ತೆ, ಚಕ್ರ ನಿಂತಿರುತ್ತೆ. ಇವೆರಡನ್ನೂ ಒಂದೇಟಿಗೆ ಜೋಡಿಸಿದರೆ ಎಂಜಿನ್ ಬಂದ್ ಆಗುತ್ತೆ, ಇಲ್ಲ ಗೇರ್ ಮುರಿಯುತ್ತೆ. ಅದಕ್ಕೆ ಜಾರುತ್ತಾ ಜಾರುತ್ತಾ ಹಿಡಿದುಕೊಳ್ಳುವ ಒಂದು ಕೈ ಬೇಕು. ಅದೇ ಕ್ಲಚ್ಚು. ಜಾರುವುದು ಅದರ ದೋಷ ಅಂತ ನಾವು ತಿಳ್ಕೊಂಡಿದ್ದೇವೆ. ನಿಜ ಏನಂದ್ರೆ ಸರಿಯಾದ ಹೊತ್ತಿನಲ್ಲಿ ಜಾರುವುದೇ ಅದರ ಕೆಲಸ.

ಮೊದಲ ಕಾರುಗಳಲ್ಲಿ ಇದ್ದದ್ದು ಕೋನ್ ಕ್ಲಚ್. ಲೋಟದೊಳಗೆ ಲೋಟ ಕೂರಿಸಿದ ಹಾಗೆ ಎರಡು ಶಂಕುಗಳು, ಒಳಗಿನದಕ್ಕೆ ತೊಗಲಿನ ಹೊದಿಕೆ. ತೊಗಲು ಒಣಗಿದರೆ ಗಬಕ್ಕನೆ ಹಿಡಿಯೋದು, ಎಣ್ಣೆ ಕುಡಿದರೆ ಜಾರೋದು. ಒಣಗಿದ್ದಕ್ಕೆ ಹರಳೆಣ್ಣೆಯಂಥದ್ದನ್ನು ಸವರಬೇಕು, ಜಾರಿದರೆ ಎಣ್ಣೆ ಹೀರುವ ಮಣ್ಣಿನ ಪುಡಿ ಎರಚಬೇಕು. ಡ್ರೈವರ್ ಅಂದ್ರೆ ಅರ್ಧ ಮೋಚಿ ಇದ್ದ ಹಾಗೆ.

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ ಅನ್ನೋ ಮನುಷ್ಯ ಇದ್ದ. ಅಲ್ಲಿಯ ಗುಡ್ಡದ ಇಳಿಜಾರಿನಲ್ಲಿ ಕುದುರೆಗಾಡಿಯವರು ಬ್ರೇಕಿನ ಮರದ ತುಂಡಿಗೆ ಹಳೆಯ ಬೂಟಿನ ಚರ್ಮ ಹೊಡೆದು ಗಾಡಿ ತಡೆಯುತ್ತಿದ್ದರಂತೆ. ಅದನ್ನು ನೋಡಿ ಅವನು 1897ರಲ್ಲಿ ಘರ್ಷಣೆಯ ವಸ್ತುಗಳ ಪ್ರಯೋಗಕ್ಕೆ ಕೈ ಹಾಕಿದ. ಬಟ್ಟೆಗೆ ಅಂಟು ಕುಡಿಸಿ ಒತ್ತಿದ, ಆಮೇಲೆ ಕಲ್ನಾರು ಬಳಸಿದ. ಅವನ ಹೆಸರಿನ ಅಕ್ಷರಗಳನ್ನೇ ಅದಲು ಬದಲು ಮಾಡಿ, ಒಂದು ಅಕ್ಷರ ಸೇರಿಸಿ ಹುಟ್ಟಿದ ಹೆಸರು 'ಫೆರೋಡೊ'. ಇವತ್ತೂ ಗ್ಯಾರೇಜುಗಳಲ್ಲಿ ಬ್ರೇಕ್ ಲೈನಿಂಗಿನ ಡಬ್ಬಿ ಮೇಲೆ ಆ ಹೆಸರು ನೋಡಬಹುದು.

1920-30ರ ದಶಕಗಳಲ್ಲಿ ಚಪ್ಪಟೆಯಾದ ಒಣ ಪ್ಲೇಟಿನ ಕ್ಲಚ್ ಎಲ್ಲ ಕಡೆ ಬಂತು. ಪ್ಲೇಟಿನ ನಡುವೆ ಸಣ್ಣ ಸ್ಪ್ರಿಂಗುಗಳು ಸೇರಿದವು, ಎಂಜಿನ್ನಿನ ನಡುಕ ಗೇರ್‌ಬಾಕ್ಸಿಗೆ ಹೋಗದ ಹಾಗೆ. ಸುತ್ತಲೂ ಇದ್ದ ಕಾಯಿಲ್ ಸ್ಪ್ರಿಂಗುಗಳ ಬದಲು ತಟ್ಟೆಯಂಥ ಒಂದೇ ಡಯಾಫ್ರಮ್ ಸ್ಪ್ರಿಂಗ್ ಬಂದು ಪೆಡಲ್ ಹಗುರ ಮಾಡಿತು. ಅಮೆರಿಕಾದಲ್ಲಿ ಇದು 1930ರ ದಶಕದ್ದು, ಯುರೋಪಿನ ಸಾಮಾನ್ಯ ಕಾರುಗಳಿಗೆ ಬಂದದ್ದು 1960ರ ದಶಕದಲ್ಲಿ. 1985ರಲ್ಲಿ ಜರ್ಮನಿಯ ಲುಕ್ ಕಂಪನಿ ಡ್ಯುಯಲ್ ಮಾಸ್ ಫ್ಲೈವೀಲ್ ತಂದಿತು. ಫ್ಲೈವೀಲನ್ನು ಎರಡು ತುಂಡು ಮಾಡಿ ನಡುವೆ ಉದ್ದನೆಯ ಸ್ಪ್ರಿಂಗ್ ಇಟ್ಟರು. ಈ ಸಾಲನ್ನು ಒಟ್ಟಿಗೆ ನೋಡಿ. ತೊಗಲಿನಿಂದ ಇಲ್ಲಿಯವರೆಗೆ ಪ್ರತಿ ಹೆಜ್ಜೆಯೂ ಇನ್ನಷ್ಟು ಮೆತ್ತಗೆ ಹಿಡಿಯೋದಕ್ಕೆ ಇಟ್ಟದ್ದು. ನಾನು ಒಂದೇ ಶನಿವಾರದಲ್ಲಿ ಅಷ್ಟೂ ಹೆಜ್ಜೆ ಹಿಂದಕ್ಕೆ ಹೋಗಿದ್ದೆ.

ಇಲ್ಲೇ ಒಂದು ಎಚ್ಚರಿಕೆ. ನಿಮ್ಮ ಹತ್ತಿರ ಪದ್ಮಿನಿ ಕಾಲದ ಗಾಡಿ ಇದ್ದರೆ ಅದರ ಕ್ಲಚ್, ಬ್ರೇಕಿನ ಧೂಳಿನಲ್ಲಿ ಕಲ್ನಾರು ಇರಬಹುದು. ಬಿಚ್ಚುವಾಗ ಬಾಯಿಂದ ಊದೋದು, ಏರ್ ಹೊಡೆಯೋದು ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿ. ಹುಡುಗರ ಶ್ವಾಸಕೋಶಕ್ಕೆ ಸ್ಪೇರ್ ಪಾರ್ಟ್ ಸಿಗೋದಿಲ್ಲ.

1931: ತೇಲುವ ಎಂಜಿನ್

ಮೌಂಟಿಂಗಿನ ಕಥೆ ಇನ್ನೂ ಚೆನ್ನಾಗಿದೆ. ಮುಂಬಯಿ ಕಡೆ ಕೆಲವು ಮೆಕ್ಯಾನಿಕ್ಕರು ಇದಕ್ಕೆ 'ಫೌಂಡೇಶನ್' ಅಂತಾರೆ. ಮನೆಗೆ ಪಾಯ ಇದ್ದ ಹಾಗೆ ಎಂಜಿನ್ನಿಗೆ. ಹಳೆಯ ಕಾರುಗಳಲ್ಲಿ ನಿಜಕ್ಕೂ ಪಾಯವೇ ಇತ್ತು. ಎಂಜಿನ್ನನ್ನು ಚಾಸಿಗೆ ನೇರ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ನಾಲ್ಕು ಸಿಲಿಂಡರಿನ ಎಂಜಿನ್ ತನ್ನ ಗುಣದಿಂದಲೇ ಅಲುಗುತ್ತೆ. ಆ ಅಲುಗಾಟವೆಲ್ಲ ಕೂತವರ ಹಲ್ಲಿಗೆ ಬರೋದು. ನುಣ್ಣಗಿನ ಸವಾರಿ ಬೇಕಿದ್ದ ಶ್ರೀಮಂತರು ಆರು, ಎಂಟು ಸಿಲಿಂಡರಿನ ಕಾರು ಕೊಳ್ಳುತ್ತಿದ್ದರು.

1931ರಲ್ಲಿ ಅಮೆರಿಕಾದ ಕ್ರೈಸ್ಲರ್ ಕಂಪನಿ ತನ್ನ ಅಗ್ಗದ ಪ್ಲೈಮೌತ್ ಕಾರಿನಲ್ಲಿ 'ಫ್ಲೋಟಿಂಗ್ ಪವರ್' ತಂದಿತು. ಉಪಾಯ ಸರಳ. ಎಂಜಿನ್ನನ್ನು ಎರಡೇ ಬಿಂದುಗಳಲ್ಲಿ ರಬ್ಬರಿನ ಮೇಲೆ ತೂಗು ಹಾಕಿದರು, ಮುಂದೆ ಎತ್ತರದಲ್ಲಿ ಒಂದು, ಹಿಂದೆ ಗೇರ್‌ಬಾಕ್ಸಿನ ಕೆಳಗೆ ಒಂದು. ಈ ಎರಡನ್ನೂ ಸೇರಿಸುವ ಗೆರೆ ಎಂಜಿನ್ನಿನ ಗುರುತ್ವ ಕೇಂದ್ರದ ಮೂಲಕ ಹಾದುಹೋಗುವ ಹಾಗೆ ನೋಡಿಕೊಂಡರು. ಎಂಜಿನ್ ಆ ಗೆರೆಯ ಸುತ್ತ ತೊಟ್ಟಿಲಿನ ಹಾಗೆ ತೂಗುತ್ತೆ, ನಡುಕ ಅಲ್ಲೇ ಉಳಿಯುತ್ತೆ. ಅತಿಯಾಗಿ ತೂಗದ ಹಾಗೆ ಪಕ್ಕಕ್ಕೆ ಒಂದು ಸ್ಪ್ರಿಂಗಿನ ಪಟ್ಟಿ. ನಾಲ್ಕು ಸಿಲಿಂಡರಿನ ಕಾರು ಎಂಟರ ಹಾಗೆ ಓಡುತ್ತೆ ಅಂತ ಜಾಹೀರಾತು ಕೊಟ್ಟರು. ಫ್ರಾನ್ಸಿನ ಸಿಟ್ರೊಯೆನ್ ಇದರ ಹಕ್ಕು ಕೊಂಡು, ತೇಲುವ ಹಂಸದ ಚಿತ್ರವನ್ನು ಕಾರಿನ ಮುಖದ ಮೇಲೆ ಹಾಕಿಕೊಂಡಿತು.

ಸಾಮಾನ್ಯ ಮನುಷ್ಯನ ಅಗ್ಗದ ಕಾರಿನಲ್ಲಿ ಮುದುಕರೂ ಮಕ್ಕಳೂ ದೂರ ಹೋಗೋಕೆ ಆಗಿದ್ದರ ಹಿಂದೆ ಈ ರಬ್ಬರಿನ ಪಾಲು ದೊಡ್ಡದು.

ವಿಶ್ವೇಶ್ವರಯ್ಯನವರ ಕಾರು, ವಾಲ್‌ಚಂದರ ಕಾರ್ಖಾನೆ

ಆ ಪ್ಲೈಮೌತ್ ನಮ್ಮ ಕಡೆ ಬಂದದ್ದು ಹೇಗೆ? ಇಲ್ಲಿ ಒಬ್ಬ ಕನ್ನಡಿಗರ ಪಾತ್ರ ಇದೆ. ಸರ್ ಎಂ. ವಿಶ್ವೇಶ್ವರಯ್ಯ ಅಂದ್ರೆ ನಮಗೆ ಕನ್ನಂಬಾಡಿ, ಭದ್ರಾವತಿ ನೆನಪಾಗುತ್ತೆ. ಭಾರತದಲ್ಲಿ ಕಾರಿನ ಕಾರ್ಖಾನೆ ಆಗಬೇಕು ಅಂತ ಅವರು ಪಟ್ಟ ಪಾಡು ಅಷ್ಟಾಗಿ ಗೊತ್ತಿಲ್ಲ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕಾ ಸುತ್ತಿ ಕಾರಿನ ಕಾರ್ಖಾನೆಗಳನ್ನು ನೋಡಿ ಬಂದರು. ಬಂದು ಯೋಜನೆ ಸಿದ್ಧ ಮಾಡಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಫೋರ್ಡ್ ಜೊತೆ ಮಾತಾಯಿತು, ಕ್ರೈಸ್ಲರ್ ಜೊತೆ ಮಾತಾಯಿತು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಕಟ್ಟುವ ಮಾತೂ ನಡೆಯಿತು. ಬ್ರಿಟಿಷ್ ಸರಕಾರದ ಬೆಂಬಲ ಸಿಗಲಿಲ್ಲ.

ಬೆಂಗಳೂರಿಗೆ ಕಾರಿನ ಕಾರ್ಖಾನೆ ಬರಲಿಲ್ಲ. ಅದೇ ವಾಲ್‌ಚಂದ್ 1940ರ ಕೊನೆಗೆ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, ಇವತ್ತಿನ ಎಚ್‌ಎಎಲ್. ಕಾರಿನ ಕನಸು ಮಾತ್ರ ಮುಂಬಯಿಗೆ ಬಂತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. 1947ರಲ್ಲಿ ಕುರ್ಲಾ ಕಾರ್ಖಾನೆಯಿಂದ ಕ್ರೈಸ್ಲರ್ ಸಹಯೋಗದ ಡಾಜ್ ಟ್ರಕ್ಕು, ಪ್ಲೈಮೌತ್ ಕಾರು ಹೊರಬರೋಕೆ ಶುರುವಾದವು. ಎಂಜಿನ್ನನ್ನು ರಬ್ಬರಿನ ಮೇಲೆ ತೇಲಿಸಿದ ಅದೇ ಪ್ಲೈಮೌತ್, ಹದಿನಾರು ವರ್ಷದ ಮೇಲೆ, ನಮ್ಮ ಸೆಂಟ್ರಲ್ ಲೈನಿನ ಪಕ್ಕದಲ್ಲಿ.

ಪದ್ಮಿನಿಯಿಂದ 118ಎನ್‌ಇವರೆಗೆ

ಆಮೇಲಿನದ್ದು ನಿಮಗೆ ಗೊತ್ತಿರೋ ಕಥೆ. 1950ರ ದಶಕದ ಆರಂಭದಲ್ಲಿ ಪ್ರೀಮಿಯರ್ ಫಿಯೆಟ್ ಕಡೆ ತಿರುಗಿತು. 1954ರಿಂದ ಫಿಯೆಟ್ 1100. ಅದೇ ಕುಟುಂಬದ ಕಾರಿಗೆ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯಿತು. 1089 ಸಿಸಿ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲಿ ಗೇರು, ಹಿಂದಿನ ಚಕ್ರಕ್ಕೆ ಶಕ್ತಿ. ಮುಂಬಯಿಯ ಕಾಳಿ-ಪೀಲಿ ಟ್ಯಾಕ್ಸಿ ಅಂದ್ರೆ ಇದೇ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ಕ್ಕೆ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಿಂದ ಮರೆಯಾದವು. ಅಷ್ಟು ವರ್ಷ ದಿನವಿಡೀ ಕ್ಲಚ್ ಒತ್ತಿದ ಆ ಡ್ರೈವರುಗಳ ಎಡಗಾಲಿಗೆ ಒಂದು ನಮಸ್ಕಾರ ಹೇಳಲೇಬೇಕು.

ಗಾಡಿ ಟ್ಯೂನ್ ಮಾಡುವ ಹುಚ್ಚು ನಮ್ಮ ಪೀಳಿಗೆಯದ್ದು ಅಂದ್ಕೊಬೇಡಿ. ಜುಹು ವಿಮಾನದ ಪಟ್ಟಿಯ ಮೇಲೆ, ಮದ್ರಾಸಿನ ಹತ್ತಿರ ಶೋಳಾವರಂನಲ್ಲಿ ಹಿಂದೆ ರೇಸ್ ನಡೀತಿದ್ದವು, ಫಿಯೆಟ್ಟುಗಳು ಓಡುತ್ತಿದ್ದವು. 1985ರಲ್ಲಿ ಪ್ರೀಮಿಯರ್ 118ಎನ್‌ಇ ಬಂತು. ಸ್ಪೇನಿನ ಸಿಯಾಟ್ 124ರ ಮೈ, ಒಳಗೆ ನಿಸಾನಿನ 1171 ಸಿಸಿ ಎ12 ಎಂಜಿನ್. ಹೆಸರಿನ 'ಎನ್‌ಇ' ಅಂದ್ರೆ ನಿಸಾನ್ ಎಂಜಿನ್. ಶಕ್ತಿ ಐವತ್ತರ ಆಸುಪಾಸು ಅಷ್ಟೇ. ಆದರೂ ಆ ಕಾಲದ ರ‍್ಯಾಲಿಯವರಿಗೆ ಅದು ಇಷ್ಟವಾಯಿತು. ಗಟ್ಟಿ ಎಂಜಿನ್, ಹಿಂದಿನ ಚಕ್ರದ ಚಾಲನೆ, ಕೈಗೆ ಸಿಗೋ ಬಿಡಿಭಾಗ.

ರ‍್ಯಾಲಿ ಕಾರಿಗೆ ಗಟ್ಟಿ ಕ್ಲಚ್, ಗಟ್ಟಿ ಮೌಂಟಿಂಗ್ ಹಾಕೋದಕ್ಕೆ ಕಾರಣ ಇದೆ. ಎಂಜಿನ್ ಕಲ್ಲುಗುಂಡಿಗಳಲ್ಲಿ ಹಾರಿ ಬಿದ್ದು ಫ್ಯಾನು ರೇಡಿಯೇಟರಿಗೆ ತಾಗಬಾರದು, ಗೇರ್ ಲಿವರ್ ಕೈಯಿಂದ ಜಿಗಿಯಬಾರದು. ಅವರು ಒಂದೋ ಎರಡೋ ದಿನ ಓಡಿಸ್ತಾರೆ, ಆಮೇಲೆ ಬಿಚ್ಚಿ ನೋಡ್ತಾರೆ. ನಮ್ಮದು ಹಾಗಲ್ಲ. ನಮ್ಮ ರ‍್ಯಾಲಿ ದಿನಾ ಬೆಳಿಗ್ಗೆ ಎಂಟಕ್ಕೆ ಕಾಟಯಿ ನಾಕಾದಿಂದ ಶುರು, ಪಕ್ಕದಲ್ಲಿ ಕೋ-ಡ್ರೈವರ್ ಅಂದ್ರೆ ಊಟದ ಡಬ್ಬಿ.

ಡೊಂಬಿವಲಿಗೆ ಬಂದ ಅಡ್ಡ ಎಂಜಿನ್

ಇಲ್ಲಿವರೆಗಿನ ಕಾರುಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿತ್ತು, ಚಾಲನೆ ಹಿಂದಿನ ಚಕ್ರಕ್ಕೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಎಂಜಿನ್ನನ್ನು ಅಡ್ಡ ತಿರುಗಿಸಿ ಮುಂದಿನ ಚಕ್ರಕ್ಕೆ ಜೋಡಿಸಿದ ಕಾರನ್ನು ಮನೆಮಾತು ಮಾಡಿತು. 1990ರ ದಶಕದ ಮಧ್ಯದಲ್ಲಿ ಪ್ರೀಮಿಯರ್ ಮತ್ತು ಫ್ರಾನ್ಸಿನ ಪ್ಯೂಜೊ ಸೇರಿ 309 ಅನ್ನೋ ಕಾರು ಮಾಡಿದವು. ಅದೂ ಅಡ್ಡ ಎಂಜಿನ್ನೇ. ಅದರ ಕಾರ್ಖಾನೆ ಕಲ್ಯಾಣಿನದ್ದು ಅಂತ ಕರೆಸಿಕೊಂಡದ್ದು, ಜಾಗ ಡೊಂಬಿವಲಿ ಪೂರ್ವದ ಕಲ್ಯಾಣ್-ಶಿಳ್ ರಸ್ತೆ. ನಾನು ದಿನಾ ಕ್ಲಚ್ ಒತ್ತುವ ಅದೇ ರಸ್ತೆ! ಕೆಲವೇ ವರ್ಷದಲ್ಲಿ ಆ ಸಾಹಸ ಮುಗಿಯಿತು. 'ಪ್ರೀಮಿಯರ್ ಮೈದಾನ' ಅನ್ನೋ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ.

ಅಡ್ಡ ಎಂಜಿನ್ ಬಂದಾಗ ಮೌಂಟಿಂಗಿನ ಕೆಲಸವೇ ಬದಲಾಯಿತು. ಮೊದಲ ಲೆಕ್ಕ ಇದು. ನನ್ನ ಕಾರಿನ 330 ನ್ಯೂಟನ್ ಮೀಟರ್ ತಗೊಳ್ಳಿ. ಮೊದಲ ಗೇರಿನ ಅನುಪಾತ 3.4 ಅಂತ ಇಟ್ಕೊಳ್ಳಿ, ಕೊನೆಯ ಗೇರಿನದ್ದು 3.9. ಎಂಜಿನ್ ಉದ್ದಕ್ಕೆ ಕೂತ, ಹಿಂದಿನ ಚಕ್ರದ ಕಾರಾದರೆ ಕೊನೆಯ ಗೇರು ಹಿಂದಿನ ಆಕ್ಸಲ್ಲಿನಲ್ಲಿ ಬೇರೆಯಾಗಿ ಇರುತ್ತೆ. ಎಂಜಿನ್ ಮೌಂಟಿಂಗ್ ತಡೆಯಬೇಕಾದ ತಿರುವು 330 ಗುಣಿಸು 3.4, ಅಂದ್ರೆ ಸುಮಾರು 1,100. ಅಡ್ಡ ಎಂಜಿನ್ನಿನಲ್ಲಿ ಗೇರ್‌ಬಾಕ್ಸು, ಕೊನೆಯ ಗೇರು ಎಲ್ಲಾ ಒಂದೇ ಗಂಟು. ಟೈರ್ ಜಾರದೆ ಹಿಡಿದರೆ ಮೌಂಟಿಂಗ್ ತಡೆಯಬೇಕಾದ್ದು ಅದಕ್ಕೆ ಮತ್ತೆ 3.9 ಪಟ್ಟು, ಸುಮಾರು 4,400. ಅದಕ್ಕೇ ಇಂಥ ಕಾರುಗಳಲ್ಲಿ ಕೆಲಸ ಹಂಚಿದರು. ಎರಡು ಮೆತ್ತಗಿನ ಮೌಂಟಿಂಗು ತೂಕ ಹೊರುತ್ತೆ, ಕೆಳಗೆ ನಾಯಿಯ ಮೂಳೆಯ ಆಕಾರದ ಒಂದು ಟಾರ್ಕ್ ರಾಡ್ ತಿರುವನ್ನು ತಡೆಯುತ್ತೆ. ಈ ಹಂಚಿಕೆ ಅರ್ಥವಾಗದೇ ನಾನು ಮೂರನ್ನೂ ಗಟ್ಟಿ ಮಾಡಿಸಿದ್ದೆ.

ನಮ್ಮ ಬಿಲ್ಡಿಂಗಿನಲ್ಲಿ ಒಬ್ಬ ಕಾಕಾ ಇದ್ದಾರೆ, ಆ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಲೈನಿನಲ್ಲಿ ಕೆಲಸ ಮಾಡಿದವರು. ಧಾರವಾಡದಿಂದ ವಾಪಸು ಬಂದ ಮೇಲೆ ಒಂದು ಸಂಜೆ ಪಾರ್ಕಿಂಗಿನಲ್ಲಿ ನನ್ನ ಗಾಡಿ ಸ್ಟಾರ್ಟ್ ಮಾಡಿದಾಗ ಹತ್ತಿರ ಬಂದರು. ಬಾಗಿಲ ಮೇಲೆ ಕೈ ಇಟ್ಟು ಮರಾಠಿಯಲ್ಲಿ ಕೇಳಿದರು, "ಏನಪ್ಪಾ, ರಬ್ಬರ್ ತೆಗೆಸಿದ್ಯಾ?" ಕೈ ಇಟ್ಟ ಮಾತ್ರಕ್ಕೆ ಗೊತ್ತಾಗಿತ್ತು. ಆಮೇಲೆ ಹೇಳಿದರು: "ನಾವು ಎಂಜಿನ್ ಕೂರಿಸುವಾಗ ಮೌಂಟಿಂಗ್ ಬೋಲ್ಟು ಒಂದೇ ಸಲ ಬಿಗಿ ಮಾಡ್ತಿರಲಿಲ್ಲ. ಮೊದಲು ಸಡಿಲ. ಎಂಜಿನ್ನನ್ನ ಹಿಡಿದು ಅಲ್ಲಾಡಿಸೋದು. ತನಗೆ ಬೇಕಾದ ಜಾಗ ಅದೇ ಹುಡುಕಿಕೊಳ್ಳುತ್ತೆ. ಆಮೇಲೆ ಬಿಗಿ." ಈ ಮಾತನ್ನು ಕೊನೆಗೆ ಮತ್ತೆ ನೆನಪು ಮಾಡ್ತೇನೆ.

ಸಿಗ್ನಲ್ಲಿನಲ್ಲಿ ಕಾರು ಯಾಕೆ ನಡುಗಿತು

ಎರಡನೇ ಲೆಕ್ಕ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಒದೆಯುತ್ತೆ. ಐಡ್ಲಿಂಗಿನಲ್ಲಿ 800 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ ಸುಮಾರು 13.3 ಸುತ್ತು, 26.7 ಒದೆತ. ರಬ್ಬರಿನ ಮೇಲೆ ಕೂತ ಎಂಜಿನ್ನಿಗೆ ತನ್ನದೇ ತೂಗಾಟದ ವೇಗ ಇರುತ್ತೆ, ಅದು 10 ಹರ್ಟ್ಜ್ ಅಂತ ಇಟ್ಕೊಳ್ಳೋಣ. ಆಗ ನಡುಕದ ಆರನೇ ಒಂದು ಪಾಲು ಮಾತ್ರ ಕಾರಿನ ಮೈಗೆ ಹೋಗುತ್ತೆ. ಈಗ ಮೌಂಟಿಂಗನ್ನು ನಾಲ್ಕು ಪಟ್ಟು ಗಟ್ಟಿ ಮಾಡಿ. ತೂಗಾಟದ ವೇಗ ಎರಡು ಪಟ್ಟಾಗುತ್ತೆ, 20 ಹರ್ಟ್ಜ್. ಒದೆತದ 26.7ಕ್ಕೆ ಅದು ತೀರಾ ಹತ್ತಿರ. ಇನ್ನು ಮೌಂಟಿಂಗ್ ನಡುಕವನ್ನು ತಡೆಯೋದಿಲ್ಲ, ಒಂದೂ ಕಾಲು ಪಟ್ಟು ಹೆಚ್ಚಿಸಿ ಕೊಡುತ್ತೆ. ಆರನೇ ಒಂದರಿಂದ ಒಂದೂ ಕಾಲಿಗೆ, ಅಂದ್ರೆ ಸುಮಾರು ಎಂಟು ಪಟ್ಟು. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ನೂಕಿದ ಹಾಗೆ.

ರೇಸಿನ ಕಾರು ಐಡ್ಲಿಂಗಿನಲ್ಲಿ ನಿಲ್ಲೋದೇ ಇಲ್ಲ, ಅವರಿಗೆ ಈ ಲೆಕ್ಕ ಬೇಕಾಗಿಲ್ಲ. ನನ್ನ ಕಾರು ದಿನಕ್ಕೆ ಒಂದು ಗಂಟೆ ಐಡ್ಲಿಂಗಿನಲ್ಲೇ ಇರುತ್ತೆ.

ಕ್ಲಚ್ಚಿನ ಲೆಕ್ಕ ಇನ್ನೂ ಸುಲಭ. ಪ್ಲೇಟಿಗೆ ಎರಡು ಮೈ. ಘರ್ಷಣೆಯ ಅಂಕ 0.3, ಒತ್ತುವ ಬಲ 5,800 ನ್ಯೂಟನ್, ಸರಾಸರಿ ತ್ರಿಜ್ಯ 0.095 ಮೀಟರ್. ಎಲ್ಲ ಗುಣಿಸಿದರೆ ಸುಮಾರು 330 ನ್ಯೂಟನ್ ಮೀಟರ್. ಇವು ಲೆಕ್ಕಕ್ಕಾಗಿ ನಾನು ಹಿಡಿದ ಸಂಖ್ಯೆಗಳು, ಕಂಪನಿಯ ಕೋಷ್ಟಕದವಲ್ಲ. 250ರ ಎಂಜಿನ್ನಿಗೆ 330ರ ಕ್ಲಚ್ ಅಂದ್ರೆ ಮೂರನೇ ಒಂದು ಪಾಲು ಮೀಸಲು. ನನ್ನ ಮ್ಯಾಪ್ ಆ ಮೀಸಲನ್ನು ಪೂರ್ತಿ ತಿಂದುಹಾಕಿತ್ತು. ಪ್ಲೇಟು ಸವೆದಾಗ, ಕಾದಾಗ ಜಾರದೇ ಏನು ಮಾಡೀತು?

ಹೆಚ್ಚಿಸೋಕೆ ದಾರಿ ಇರೋದು ಕೆಲವೇ. ಒತ್ತುವ ಬಲ ಹೆಚ್ಚಿಸಿದರೆ ಪೆಡಲ್ ಭಾರ ಆಗುತ್ತೆ. ಘರ್ಷಣೆಯ ಅಂಕ ಹೆಚ್ಚಿಸಿದರೆ, ಅಂದ್ರೆ ಸೆರಾಮಿಕ್ ಹಾಕಿದರೆ, ಗಬಕ್ಕನೆ ಹಿಡಿಯುತ್ತೆ. ತ್ರಿಜ್ಯ ಹೆಚ್ಚಿಸೋಕೆ ಜಾಗ ಇಲ್ಲ. ಪ್ಲೇಟುಗಳ ಸಂಖ್ಯೆ ಹೆಚ್ಚಿಸಿದರೆ ದುಡ್ಡು ಹೆಚ್ಚು. ಪುಕ್ಕಟೆ ಯಾವುದೂ ಇಲ್ಲ. ಯಾವ ಬೆಲೆ ಕೊಡೋಕೆ ನೀವು ತಯಾರಿದ್ದೀರಿ ಅನ್ನೋದೊಂದೇ ಪ್ರಶ್ನೆ.

ಎರಡನೇ ಸಲ ಮಾಡಿಸಿದ್ದು

ತುರ್ಭೆಗೆ ಮತ್ತೆ ಹೋದೆ. ಉಸ್ತಾದ್ ನಗಲಿಲ್ಲ, ಚಹಾ ತರಿಸಿದರು. ಅಲ್ಲಿ ಕೂತು ತೀರ್ಮಾನ ಮಾಡಿದ್ದು ಇಷ್ಟು.

ಕ್ಲಚ್: ಮಾಮೂಲಿ ಆರ್ಗ್ಯಾನಿಕ್ ಲೈನಿಂಗಿನ, ನಡುವೆ ಸ್ಪ್ರಿಂಗ್ ಇರುವ ಪ್ಲೇಟು. ಒತ್ತುವ ಬಲ ಮೂವತ್ತು ಪ್ರತಿಶತ ಹೆಚ್ಚಿರುವ ಪ್ರೆಶರ್ ಪ್ಲೇಟು. ಲೆಕ್ಕದಲ್ಲಿ ಸುಮಾರು 430 ಬರುತ್ತೆ, 330ಕ್ಕೆ ಮತ್ತೆ ಮೂರನೇ ಒಂದರ ಹತ್ತಿರ ಮೀಸಲು. ಪೆಡಲ್ ಸ್ವಲ್ಪ ಭಾರ, ಮೊಣಕಾಲು ತಡೆಯುತ್ತೆ.

ಫ್ಲೈವೀಲ್: ಹೊಸ ಡ್ಯುಯಲ್ ಮಾಸ್. ದುಬಾರಿ. ಆದರೆ ಗೇರ್‌ಬಾಕ್ಸಿನ ಕಟಕಟ ನಿಂತಿತು.

ಮೌಂಟಿಂಗ್: ತೂಕ ಹೊರುವ ಎರಡೂ ಕಡೆ ಹೊಸ ಒರಿಜಿನಲ್ ರಬ್ಬರ್. ಕೆಳಗಿನ ಟಾರ್ಕ್ ರಾಡಿನಲ್ಲಿ ಮಾತ್ರ ಪಾಲಿಯುರೆಥೇನ್, ಅದೂ ಮೆತ್ತಗಿನದ್ದು, ಶೋರ್ ಎ ಅಳತೆಯಲ್ಲಿ 70ರ ಆಸುಪಾಸು. ಮೊದಲು ಹಾಕಿಸಿದ್ದು 90 ದಾಟಿತ್ತು. ಗೇರ್ ಹಾಕುವಾಗ ಎಂಜಿನ್ ಹಿಂದೆ ಮುಂದೆ ಒಲೆಯೋದು ನಿಂತಿದೆ. ಸಿಗ್ನಲ್ಲಿನಲ್ಲಿ ಸ್ವಲ್ಪ ಗುಂಯ್ ಅನ್ನುತ್ತೆ, ಅಷ್ಟೇ.

ನಿಮ್ಮಲ್ಲಿ ಯಾರಿಗಾದರೂ ಮಾಡಿಸೋ ಮನಸ್ಸಿದ್ದರೆ ನಾಲ್ಕು ಮಾತು. ಒಂದು, ಮೊದಲು ಹಳೆಯ ರಬ್ಬರ್ ಹರಿದಿದೆಯಾ ನೋಡಿಸಿ. ಎಷ್ಟೋ ಸಲ ಹೊಸ ಒರಿಜಿನಲ್ ಹಾಕಿದರೆ ಅದೇ ಅಪ್‌ಗ್ರೇಡ್. ಎರಡು, ಗೇರ್‌ಬಾಕ್ಸ್ ಇಳಿಸಿದಾಗ ರಿಲೀಸ್ ಬೇರಿಂಗ್ ಮತ್ತು ಹಿಂದಿನ ಕ್ರ್ಯಾಂಕ್ ಸೀಲ್ ನೋಡಿ ಬದಲಿಸಿ, ಎರಡು ಸಲ ಮಜೂರಿ ಕೊಡಬೇಡಿ. ಮೂರು, ಹೊಸ ಪ್ಲೇಟು ಕೂರೋವರೆಗೆ ಕೆಲವು ನೂರು ಕಿಲೋಮೀಟರು ಊರೊಳಗೆ ನಿಧಾನವಾಗಿ ಓಡಿಸಿ. ನಾಲ್ಕು, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ಶಕ್ತಿ ಹೆಚ್ಚಿಸೋ ಮುಂಚೆ ಆರ್‌ಟಿಒ ನಿಯಮ ಕೇಳಿಕೊಳ್ಳಿ, ಇನ್ಶೂರೆನ್ಸಿನವರಿಗೂ ತಿಳಿಸಿ. ಮುಚ್ಚಿಟ್ಟದ್ದು ಕ್ಲೇಮಿನ ದಿನ ಬಾಯಿ ಬಿಡುತ್ತೆ.

ಮೌಂಟಿಂಗ್ ಕೂರಿಸುವ ದಿನ ಕಾಕಾನನ್ನೂ ಗ್ಯಾರೇಜಿಗೆ ಕರೆದುಕೊಂಡು ಹೋಗಿದ್ದೆ. ಉಸ್ತಾದ್ ಬೋಲ್ಟುಗಳನ್ನು ಸಡಿಲ ಬಿಟ್ಟು ಪಕ್ಕಕ್ಕೆ ಸರಿದರು. ಕಾಕಾ ಎರಡೂ ಕೈಯಲ್ಲಿ ಎಂಜಿನ್ ಹಿಡಿದು ಹಿಂದೆ ಮುಂದೆ ನಾಲ್ಕು ಸಲ ಅಲ್ಲಾಡಿಸಿದರು. ಅದು ತನ್ನ ಜಾಗಕ್ಕೆ ಬಂದು ನಿಂತಿತು. "ಈಗ ಬಿಗಿ ಮಾಡಿ" ಅಂದರು.

ಹೋದ ದೀಪಾವಳಿಗೆ ಅವ್ವನನ್ನು ಮತ್ತೆ ಧಾರವಾಡಕ್ಕೆ ಕರೆದುಕೊಂಡು ಹೋದೆ. ಕೊಲ್ಹಾಪುರ ಬಂದಾಗ ಕೇಳೋಣ ಅಂತ ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ತಲೆ ವಾಲಿಸಿ ನಿದ್ದೆ ಹೋಗಿದ್ದಳು. ನಾನು ನಿಲ್ಲಿಸಲಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಕುರ್ಲಾದಲ್ಲೋ ಡೊಂಬಿವಲಿಯಲ್ಲೋ ಆ ಲೈನಿನಲ್ಲಿ ಕೆಲಸ ಮಾಡಿದವರಿದ್ದರೆ, ಅವರನ್ನು ಕೂರಿಸಿಕೊಂಡು ಕೇಳಿ, ಬರೆದಿಡಿ. ಪುಸ್ತಕದಲ್ಲಿ ಸಿಗದ್ದು ಅವರ ಕೈಯಲ್ಲಿದೆ.